ಟ್ರ್ಯಾಕ್ಟರ್ ಡಬ್ಬಿಯಿಂದ ಪಾದಯಾತ್ರೆ ವಸ್ತಿವರೆಗೆ: ಎಲ್‌ಇಡಿ ಸ್ಟ್ರಿಪ್ ಕೆಟ್ಟಾಗ ದೋಷ ಹುಡುಕುವ ಬಗೆ

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಗೋಕಾಕ, ರಾಯಬಾಗದ ರಸ್ತೆಗಳಲ್ಲಿ ರಾತ್ರಿ ಓಡುವ ಟ್ರ್ಯಾಕ್ಟರುಗಳ ಡಬ್ಬಿಗೆ (ಟ್ರೇಲರಿಗೆ) ಎಲ್‌ಇಡಿ ಸ್ಟ್ರಿಪ್ ಬೀಳುತ್ತದೆ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟ ಗಾಡಿಗಳಲ್ಲಿ, ಯುಗಾದಿ ಮುಂಚೆ ಶ್ರೀಶೈಲಕ್ಕೆ ನಡೆಯುವವರ ಹಿಂದೆ ಅಡುಗೆ ಸಾಮಾನು ಹೊತ್ತು ಬರುವ ಟೆಂಪೊಗಳಲ್ಲಿ, ರಾತ್ರಿ ವಸ್ತಿ ಮಾಡುವ (ತಂಗುವ) ತಾಡಪತ್ರಿಯ ಕೆಳಗೆ, ಎಲ್ಲ ಕಡೆಯೂ ಇದೇ ಐದು ಮೀಟರಿನ ಸುರುಳಿ. ಅಗ್ಗ, ಹಗುರ, ಎಲ್ಲಿ ಬೇಕಾದರೂ ಬಾಗುತ್ತದೆ. ಕೆಟ್ಟಾಗ ಮಾತ್ರ ಬಹುತೇಕರು ಒಂದೇ ಕೆಲಸ ಮಾಡುತ್ತಾರೆ: ಕಿತ್ತೆಸೆದು ಹೊಸದನ್ನು ಅಂಟಿಸುತ್ತಾರೆ. ಹದಿನೈದು ದಿನಕ್ಕೆ ಹೊಸದೂ ಅದೇ ರೀತಿ ಕೆಡುತ್ತದೆ. ಕಾರಣ, ದೋಷ ಇರುವುದು ಹೆಚ್ಚಿನ ಸಲ ಸ್ಟ್ರಿಪ್‌ನಲ್ಲಲ್ಲ, ಅದಕ್ಕೆ ಬರುವ ವೋಲ್ಟೇಜಿನಲ್ಲಿ ಮತ್ತು ಜೋಡಣೆಯಲ್ಲಿ. ಆದ್ದರಿಂದ ಸ್ಟ್ರಿಪ್ ಮುಟ್ಟುವ ಮೊದಲು ಮೀಟರ್ ಹಿಡಿಯಬೇಕು.

ಬೇಕಾದದ್ದು ಇಷ್ಟೇ: ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ಐದಾರು ಮೀಟರ್ ವೈರ್, ಬ್ಲೇಡ್, ಸೋಲ್ಡರಿಂಗ್ ಐರನ್, 3, 5, 7.5 ಆಂಪಿಯರಿನ ಬ್ಲೇಡ್ ಫ್ಯೂಸುಗಳು.

ಸ್ಟ್ರಿಪ್ ಒಳಗೆ ಏನಿದೆ

12 ವೋಲ್ಟಿನ ಬಿಳಿ ಸ್ಟ್ರಿಪ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮೂರು ಎಲ್‌ಇಡಿ, ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಕರಿ ರೆಸಿಸ್ಟರ್, ಆಮೇಲೆ ತಾಮ್ರದ ಎರಡು ಚುಕ್ಕೆ, ಅವುಗಳ ನಡುವೆ ಕತ್ತರಿಯ ಗುರುತು. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್‌ನಲ್ಲಿ ಈ ತುಂಡು ಸರಿಯಾಗಿ 5 ಸೆಂ.ಮೀ. ಒಂದು ತುಂಡಿನ ಮೂರು ಎಲ್‌ಇಡಿಗಳು ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಅಂಥ ನೂರು ತುಂಡುಗಳು ಅಕ್ಕಪಕ್ಕ ಕೂತು ಒಂದೇ ಪ್ಲಸ್-ಮೈನಸ್ ಹಂಚಿಕೊಂಡರೆ ಐದು ಮೀಟರ್ ಆಯಿತು. ಇನ್ನೂ ಒಂದು ವಿಷಯ ಗಮನಿಸಿ: ಐದು ಮೀಟರ್ ಎಂದು ಮಾರುವುದು ಒಂದೇ ಅಖಂಡ ಸ್ಟ್ರಿಪ್ ಅಲ್ಲ. ಪ್ರತಿ 50 ಸೆಂ.ಮೀ.ಗೆ ಒಂದು ಬೆಸುಗೆ ಇರುತ್ತದೆ. ಬಗ್ಗಿಸಿದರೆ ಮೊದಲು ಬಿಡುವುದು ಅದೇ ಜಾಗ.

ಈ ರಚನೆ ತಲೆಯಲ್ಲಿದ್ದರೆ ಅರ್ಧ ರೋಗ ಕಣ್ಣಿಗೇ ಕಾಣುತ್ತದೆ. ಮೂರೇ ದೀಪ ಆರಿದ್ದರೆ ಒಂದು ತುಂಡಿನ ದೋಷ. ಒಂದು ಜಾಗದಿಂದ ಆಚೆ ಎಲ್ಲವೂ ಆರಿದ್ದರೆ ಬೆಸುಗೆ ಬಿಟ್ಟಿದೆ. ಇಡೀ ಸ್ಟ್ರಿಪ್ ಮಂಕಾಗಿದ್ದರೆ ಹೊರಗಿನ ವೈರಿಂಗ್ ನೋಡಿ.

ಮೊದಲು ಮೂರು ಅಳತೆ

ಮೂರನ್ನೂ ದೀಪ ಹೊತ್ತಿಸಿಕೊಂಡೇ ತೆಗೆಯಬೇಕು. ಇಲ್ಲಿಯೇ ಎಲ್ಲರೂ ಮೋಸ ಹೋಗುವುದು. ಸ್ಟ್ರಿಪ್ ಕಳಚಿ ವೈರಿನ ತುದಿಗೆ ಮೀಟರ್ ಹಿಡಿದರೆ ಕಿಲುಬು ಹಿಡಿದ ಜಾಯಿಂಟಿನಲ್ಲೂ 12.5 ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಸ್ಟ್ರಿಪ್ 6 ಆಂಪಿಯರ್ ಎಳೆಯಲು ಹೋದಾಗ ಅದೇ ಜಾಯಿಂಟ್ ಮೂರು ವೋಲ್ಟ್ ನುಂಗುತ್ತದೆ.

ಒಂದು, ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ. ಎರಡು, ಸ್ಟ್ರಿಪ್ ಶುರುವಾಗುವ ತಾಮ್ರದ ಚುಕ್ಕೆಗಳ ಮೇಲೆ. ಮೂರು, ಸ್ಟ್ರಿಪ್‌ನ ಕೊನೆಯ ಚುಕ್ಕೆಗಳ ಮೇಲೆ. ಸಿಲಿಕಾನ್ ಹೊದಿಕೆ ಇದ್ದರೆ ಮೀಟರಿನ ಮೊನೆಯನ್ನು ಚುಚ್ಚಿ ಒಳಗೆ ಮುಟ್ಟಿಸಿ, ಆಮೇಲೆ ಆ ತೂತು ಮುಚ್ಚಲು ಮರೆಯಬೇಡಿ. ಒಂದಕ್ಕೂ ಎರಡಕ್ಕೂ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ವೈರ್, ಸ್ವಿಚ್, ಫ್ಯೂಸ್ ಹೋಲ್ಡರ್ ಅಥವಾ ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ಕೆಟ್ಟಿದೆ. ಎರಡಕ್ಕೂ ಮೂರಕ್ಕೂ ಒಂದೂವರೆ ವೋಲ್ಟಿಗಿಂತ ಹೆಚ್ಚಿದ್ದರೆ ಸ್ಟ್ರಿಪ್ ಉದ್ದ ಹೆಚ್ಚಾಗಿದೆ ಅಥವಾ ಅದರ ತಾಮ್ರ ತೆಳುವಾಗಿದೆ.

ಪೂರ್ತಿ ಹೊತ್ತುತ್ತಿಲ್ಲ

ಫ್ಯೂಸ್ ಕಣ್ಣಿಗೆ ಸರಿ ಕಂಡರೂ ಮೀಟರಿನ ಬೀಪ್‌ನಲ್ಲಿ ನೋಡಿ. ಪ್ಲಸ್-ಮೈನಸ್ ತಿರುಗಿದ್ದರೆ ಸ್ಟ್ರಿಪ್ ಸುಮ್ಮನೆ ಆರಿರುತ್ತದೆ, ಸಾಮಾನ್ಯವಾಗಿ ಸುಡುವುದಿಲ್ಲ. ತಿರುಗಿಸಿ ಕೊಟ್ಟರೆ ಹೊತ್ತುತ್ತದೆ. ಕ್ಲಿಪ್ ಕನೆಕ್ಟರ್ ಹಾಕಿದ್ದರೆ ಅದನ್ನೇ ಮೊದಲು ಅನುಮಾನಿಸಿ. ಸಿಲಿಕಾನ್ ಲೇಪನ ಪೂರ್ತಿ ಕೆರೆಯದೆ ಕ್ಲಿಪ್ ಒತ್ತಿದರೆ ಅದರ ಹಲ್ಲು ತಾಮ್ರಕ್ಕೆ ತಾಗುವುದೇ ಇಲ್ಲ. ತಾಗಿದರೂ ವಾಹನದ ನಡುಕಕ್ಕೆ ತಿಂಗಳೊಪ್ಪತ್ತಿನಲ್ಲಿ ಸಡಿಲ. ವಾಹನದ ಮೇಲೆ ಬೆಸುಗೆಯೇ ಸರಿ, ಕ್ಲಿಪ್ ಮನೆಯ ಶೋಕೇಸಿಗೆ ಇರಲಿ.

ಲಾರಿ, ಬಸ್ಸುಗಳಲ್ಲಿ 24 ವೋಲ್ಟ್ ಇರುತ್ತದೆ. ಅಲ್ಲಿ 12ರ ಸ್ಟ್ರಿಪ್ ಕೊಟ್ಟರೆ ಒಮ್ಮೆ ಝಗ್ ಎಂದು ಹೊತ್ತಿ, ಸುಟ್ಟ ವಾಸನೆ ಬಂದು ಮುಗಿಯುತ್ತದೆ. ಎರಡು ಬ್ಯಾಟರಿಗಳ ಪೈಕಿ ಒಂದರಿಂದ 12 ವೋಲ್ಟ್ ಕದ್ದು ಕೊಡುವುದು ಇನ್ನೂ ಕೆಟ್ಟ ಪದ್ಧತಿ. ಆ ಒಂದು ಬ್ಯಾಟರಿ ಯಾವಾಗಲೂ ಅರೆಹೊಟ್ಟೆಯಲ್ಲಿದ್ದು ಬೇಗ ಸಾಯುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ. 24ಕ್ಕೆ 24ರ ಸ್ಟ್ರಿಪ್ ತನ್ನಿ. ಅದರ ಕತ್ತರಿ ಗುರುತು ಸಾಮಾನ್ಯವಾಗಿ ಆರು ಎಲ್‌ಇಡಿಗೆ ಒಂದು ಇರುತ್ತದೆ, ಅದರಿಂದಲೇ ಗುರುತು ಹಿಡಿಯಬಹುದು.

ತಗ್ಗು ಬಂದರೆ ಮಿಣುಕುತ್ತದೆ: ಡಬ್ಬಿಯ ಅರ್ಥ್

ನಮ್ಮ ಭಾಗದಲ್ಲಿ ಅತಿ ಹೆಚ್ಚು ಬರುವ ದೂರು ಇದು. ನಿಂತಾಗ ಚೆನ್ನಾಗಿ ಹೊತ್ತುತ್ತದೆ. ರಸ್ತೆಗೆ ಬಿದ್ದ ಮೇಲೆ ಮಿಣಮಿಣ. ಕೆಲವು ಸಲ ಬ್ರೇಕ್ ಒತ್ತಿದರೆ ಸ್ಟ್ರಿಪ್ ಆರುತ್ತದೆ, ಅಥವಾ ಸ್ಟ್ರಿಪ್ ಹಾಕಿದರೆ ಹಿಂದಿನ ದೀಪ ಅರೆಬರೆ ಮಿನುಗುತ್ತದೆ. ಮೆಕ್ಯಾನಿಕ್ ಬಂದು ನೋಡಿ "ಅರ್ಥ್ ಹಿಡೀವಲ್ದು" ಎಂದರೆ ಅವನ ಮಾತು ನಿಜ.

ಏನಾಗಿರುತ್ತದೆ ಎಂದರೆ, ಟ್ರ್ಯಾಕ್ಟರಿನಿಂದ ಡಬ್ಬಿಗೆ ಪ್ಲಸ್ ವೈರ್ ಒಂದನ್ನೇ ಎಳೆದಿರುತ್ತಾರೆ. ಮೈನಸ್ಸಿಗೆ ಡಬ್ಬಿಯ ಕಬ್ಬಿಣವೇ ಸಾಕೆಂದು ಡಬ್ಬಿಯ ಬಾಡಿಯ ಒಂದು ನಟ್ ಕೆಳಗೆ ವೈರ್ ಸಿಕ್ಕಿಸಿ ಬಿಟ್ಟಿರುತ್ತಾರೆ. ಆ ಕರೆಂಟ್ ಬ್ಯಾಟರಿಗೆ ಮರಳಬೇಕಾದರೆ ಡಬ್ಬಿಯ ಕಣ್ಣು, ನಡುವಿನ ಪಿನ್, ಟ್ರ್ಯಾಕ್ಟರಿನ ಹುಕ್ಕು, ಇವಿಷ್ಟನ್ನು ದಾಟಬೇಕು. ಅಲ್ಲಿ ಏನಿದೆ ನೋಡಿ: ಗ್ರೀಸು, ಅದರ ಮೇಲೆ ಎರಿ ಮಣ್ಣಿನ ಧೂಳು, ತುಕ್ಕು, ಸವೆದು ಅಲ್ಲಾಡುವ ಪಿನ್. ಡಬ್ಬಿ ತುಂಬಿ ಎಳೆತ ಬಿಗಿಯಾಗಿದ್ದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ದೀಪ ಹೊತ್ತುತ್ತದೆ, ಇಳಿಜಾರಿನಲ್ಲಿ ಡಬ್ಬಿ ಮುಂದೆ ನೂಕಿದಾಗ ಬಿಡುತ್ತದೆ. ಎರಡು ಡಬ್ಬಿ ಕಟ್ಟಿದ್ದರೆ ಹಿಂದಿನದಕ್ಕೆ ಇಂಥ ಎರಡು ಜಾಗ ದಾಟಬೇಕು. ದಾರಿ ಕಡಿದಾಗ ಸ್ಟ್ರಿಪ್‌ನ ಕರೆಂಟ್ ಬೇರೆ ದಾರಿ ಹುಡುಕಿ ಹಿಂದಿನ ಬಲ್ಬಿನ ಫಿಲಮೆಂಟ್ ಮೂಲಕ ಉಲ್ಟಾ ಹರಿಯುತ್ತದೆ. ಒಂದು ಹಾಕಿದರೆ ಇನ್ನೊಂದು ಮಿನುಗುವುದು ಇದೇ ಕಾರಣಕ್ಕೆ.

ಪರೀಕ್ಷೆ ಎರಡು ನಿಮಿಷದ್ದು. ದೀಪ ಹೊತ್ತಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಮೊನೆ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಸ್ಟ್ರಿಪ್‌ನ ಮೈನಸ್ ಮೇಲೆ ಹಿಡಿಯಿರಿ. ಮೀಟರಿನ ವೈರ್ ಸಾಲದಿದ್ದರೆ ಮೊಸಳೆ ಕ್ಲಿಪ್ಪಿನ ಉದ್ದ ವೈರ್ ಸೇರಿಸಿ. 0.2 ವೋಲ್ಟಿನ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಒಬ್ಬರು ಡಬ್ಬಿ ಅಲ್ಲಾಡಿಸಲಿ. ಅಂಕಿ 1, 3, 8 ಎಂದು ಕುಣಿದರೆ ದೋಷ ಅಲ್ಲೇ. ಖಾತರಿಗೆ ಅದೇ ಉದ್ದ ವೈರನ್ನು ಬ್ಯಾಟರಿ ಮೈನಸ್‌ನಿಂದ ನೇರ ಸ್ಟ್ರಿಪ್ ಮೈನಸ್ಸಿಗೆ ಕಚ್ಚಿಸಿ. ಮಿಣುಕುವುದು ನಿಂತಿತೆ? ರೋಗ ಸಿಕ್ಕಿತು.

ಪರಿಹಾರ, ಪ್ಲಸ್ ಜೊತೆಗೇ ಅಷ್ಟೇ ದಪ್ಪದ ಕರಿ ವೈರನ್ನೂ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಡಬ್ಬಿವರೆಗೆ ಎಳೆಯುವುದು. ಹುಕ್ಕಿನ ಬಳಿ ಪಿನ್-ಸಾಕೆಟ್ ಕೊಡುವುದು. ಡಬ್ಬಿ ತಿರುಗುವಾಗ ವೈರ್ ಎಳೆದು ಹರಿಯದಂತೆ ಅಲ್ಲಿ ಅರ್ಧ ಮೀಟರ್ ಸಡಿಲ ಬಿಡಿ, ಆದರೆ ನೆಲಕ್ಕೆ ಜೋತು ಬೀಳದ ಹಾಗೆ ಹಳೆ ಟ್ಯೂಬಿನ ತುಂಡಿನಿಂದ ಎತ್ತಿ ಕಟ್ಟಿ. ಪೇಂಟ್ ಕೆರೆದು ಬಾಡಿ ಅರ್ಥ್ ಗಟ್ಟಿ ಮಾಡುವುದರಿಂದ ಈ ದೋಷ ಹೋಗುವುದಿಲ್ಲ. ಬಾಡಿ ಮತ್ತು ಸ್ಟ್ರಿಪ್ ನಡುವಿನ ಜೋಡಣೆ ಎಷ್ಟೇ ಗಟ್ಟಿ ಇದ್ದರೂ ಹುಕ್ಕಿನ ಜೋಡಣೆ ಹಾಗೆಯೇ ಉಳಿಯುತ್ತದೆ.

ಮುಂದೆ ಬೆಳಕು, ಹಿಂದೆ ಮಂಕು

5050 ಎಂಬ ದಪ್ಪ ಎಲ್‌ಇಡಿಯ, ಮೀಟರಿಗೆ 60 ಇರುವ ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ. ಐದು ಮೀಟರಿಗೆ 72 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 6 ಆಂಪಿಯರ್. ಬ್ಯಾಟರಿಯಿಂದ ಸ್ಟ್ರಿಪ್‌ಗೆ 5 ಮೀಟರ್ ದೂರವಿದ್ದರೆ ಹೋಗಿ ಬರುವ ವೈರ್ 10 ಮೀಟರ್. ಅರ್ಧ ಚದರ ಮಿ.ಮೀ.ನ ತೆಳು ವೈರ್ ಹಾಕಿದರೆ ಅದರಲ್ಲೇ ಸುಮಾರು 2 ವೋಲ್ಟ್ ಕರಗುತ್ತದೆ. ಒಂದೂವರೆ ಚದರ ಮಿ.ಮೀ. ಹಾಕಿದರೆ 0.7 ವೋಲ್ಟ್. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ. ಮನೆ ವೈರಿಂಗಿನ ಗಟ್ಟಿ ಒಂಟಿ ತಂತಿ ಬೇಡ, ನಡುಕಕ್ಕೆ ಒಳಗೇ ಮುರಿಯುತ್ತದೆ. ಹಲವು ಎಳೆಯ ವೈರೇ ಇರಲಿ.

ಸ್ಟ್ರಿಪ್‌ನ ಒಳಗೂ ಹೀಗೆಯೇ. ಐದು ಮೀಟರಿನ ತುದಿಯಲ್ಲಿ 10.5ಕ್ಕಿಂತ ಕಡಿಮೆ ಬರುತ್ತಿದ್ದರೆ ಎರಡೂ ತುದಿಗೆ ವಿದ್ಯುತ್ ಕೊಡಿ: ಶುರುವಿನಿಂದ ಒಂದು ಜೊತೆ ವೈರನ್ನು ಕೊನೆಗೂ ಒಯ್ದು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಬೆಸೆಯಿರಿ. ಎರಡು ಸುರುಳಿಯನ್ನು ಒಂದಕ್ಕೊಂದು ಸೇರಿಸಿ ಹತ್ತು ಮೀಟರ್ ಮಾಡುವುದು ಬೇಡ. ಬೇರೆ ಬೇರೆ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನ ಒಳಗೇ ಇರಬೇಕು, 6 ಆಂಪಿಯರಿಗೆ 7.5ರದ್ದು. ಫ್ಯೂಸ್ ಸ್ಟ್ರಿಪ್‌ನ ಹತ್ತಿರ ಕೂತರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಯಾರನ್ನೂ ಕಾಯುವುದಿಲ್ಲ.

ಎಂಜಿನ್ ಚಾಲೂ ಮಾಡಿ ಓಡಿಸಿದರೆ ಸುಡುತ್ತದೆ

ಅಂಗಡಿಯಲ್ಲಿ ಬ್ಯಾಟರಿಗೆ ಹಚ್ಚಿ ತೋರಿಸಿದಾಗ ಚೆನ್ನಾಗಿತ್ತು, ಗಾಡಿಯಲ್ಲಿ ತಿಂಗಳೊಳಗೆ ಅಲ್ಲೊಂದು ಇಲ್ಲೊಂದು ತುಂಡು ಆರತೊಡಗಿತು ಎಂದರೆ ವೋಲ್ಟೇಜ್ ಹೆಚ್ಚಾಗಿದೆ. ನಿಂತ ಬ್ಯಾಟರಿ 12.6, ಎಂಜಿನ್ ಓಡುವಾಗ ಡೈನಮೊ 13.8ರಿಂದ 14.4ರವರೆಗೆ ಕೊಡುತ್ತದೆ. ಎರಡು ವೋಲ್ಟಿಗೆ ಏನು ಮಹಾ ಎನ್ನಿಸಬಹುದು. ಲೆಕ್ಕ ಹಾಕಿ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.1, ಮೂರಕ್ಕೆ 9.3 ವೋಲ್ಟ್. 12ರಲ್ಲಿ ರೆಸಿಸ್ಟರಿಗೆ ಉಳಿಯುವುದು 2.7. 14.4ರಲ್ಲಿ ಉಳಿಯುವುದು 5.1. ಅಂದರೆ ಕರೆಂಟ್ ಎರಡು ಪಟ್ಟಿನ ಹತ್ತಿರ, ರೆಸಿಸ್ಟರಿನ ಬಿಸಿ ಮೂರೂವರೆ ಪಟ್ಟು. ಎಲ್‌ಇಡಿಯೂ ತುಸು ಹೆಚ್ಚು ತಿನ್ನುವುದರಿಂದ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೂ ಸ್ಟ್ರಿಪ್ ಕೊಲ್ಲಲು ಅಷ್ಟು ಸಾಕು. ಅದರ ಮೇಲೆ ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಾದ ತಗಡು.

ಮೊದಲು ಎಂಜಿನ್ ವೇಗ ಏರಿಸಿ ಬ್ಯಾಟರಿ ಮೇಲೆ ಅಳೆಯಿರಿ. 15 ದಾಟಿದರೆ ಚಾರ್ಜಿಂಗಿನ ರೆಗ್ಯುಲೇಟರ್ ಕೆಟ್ಟಿದೆ, ಅದನ್ನು ಸರಿಪಡಿಸದೆ ಸ್ಟ್ರಿಪ್ ಹಾಕುವುದು ವ್ಯರ್ಥ. 14.4ರ ಒಳಗಿದ್ದರೆ ಮೂರು ದಾರಿ ಇವೆ. 3 ಆಂಪಿಯರಿನ ಒಳಗಿನ ಸ್ಟ್ರಿಪ್‌ಗೆ 6 ಆಂಪಿಯರಿನ ಎರಡು ಡಯೋಡುಗಳನ್ನು ಪ್ಲಸ್ ವೈರಿನಲ್ಲಿ ಒಂದರ ಹಿಂದೆ ಒಂದು ಬೆಸೆದರೆ ಸುಮಾರು ಒಂದೂವರೆ ವೋಲ್ಟ್ ಇಳಿಯುತ್ತದೆ. ಬೆಳ್ಳಿ ಗೆರೆಯ ಬದಿ ಸ್ಟ್ರಿಪ್ ಕಡೆ. ಅವು ಬಿಸಿಯಾಗುತ್ತವೆ, ಟೇಪ್ ಸುತ್ತಿ ಉಸಿರು ಕಟ್ಟಿಸಬೇಡಿ. ಹೆಚ್ಚು ಉದ್ದದ ಸ್ಟ್ರಿಪ್‌ಗೆ 12 ವೋಲ್ಟ್ ಸ್ಥಿರವಾಗಿ ಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಉತ್ತಮ. ವೋಲ್ಟೇಜ್ ಇಳಿಸಲು ಮಾತ್ರ ಬಲ್ಲ ಬರೀ ಬಕ್ ಮಾಡ್ಯೂಲ್ ಆದರೆ ಎಂಜಿನ್ ನಿಂತಾಗ ತನ್ನ ಒಂದೂವರೆ ವೋಲ್ಟ್ ಕಳೆದು 11ರ ಹತ್ತಿರ ಕೊಡುತ್ತದೆ. ದೀಪ ತುಸು ಮಂಕಾಗುತ್ತದೆ, ಸುಡುವುದಿಲ್ಲ. ಮೂರನೆಯದು, 9ರಿಂದ 30 ವೋಲ್ಟ್ ಎಂದು ಬರೆದ, ಒಳಗೇ ಕರೆಂಟ್ ಹಿಡಿತದ ಐಸಿ (ಚಿಪ್) ಇರುವ ಸ್ಟ್ರಿಪ್ ಕೊಳ್ಳುವುದು.

ಮೂರು ದೀಪ ಆರಿದ್ದರೆ, ಅರ್ಧ ಸ್ಟ್ರಿಪ್ ಆರಿದ್ದರೆ

ಅರ್ಧ ಆರಿದ್ದರೆ ಆರಿದ ಗಡಿಯ ಬೆಸುಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಹೊತ್ತಿದರೆ ಅದೇ. ಸಿಲಿಕಾನನ್ನು ಬ್ಲೇಡಿನಿಂದ ಒಂದು ಸೆಂ.ಮೀ. ಸುಲಿಯಿರಿ, ತಾಮ್ರ ಹೊಳೆಯುವವರೆಗೆ ಮೆಲ್ಲಗೆ ಕೆರೆಯಿರಿ, ಸೀಸ ಹಚ್ಚಿ, ಎರಡು ಬದಿಯ ಚುಕ್ಕೆಗಳಿಗೆ ಸಣ್ಣ ವೈರಿನ ಸೇತುವೆ ಕೊಡಿ. ಐರನ್ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ತಾಮ್ರದ ಚುಕ್ಕೆಯೇ ಎದ್ದು ಬರುತ್ತದೆ. ಆಮ್ಲದ ಫ್ಲಕ್ಸ್ ಮುಟ್ಟಬೇಡಿ, ರಾಳದ ಫ್ಲಕ್ಸ್ ಒಳಗಿರುವ ಸೀಸದ ತಂತಿ ಸಾಕು.

ಮೂರೇ ಆರಿದ್ದರೆ ಆ 5 ಸೆಂ.ಮೀ. ತುಂಡನ್ನು ಎರಡೂ ಗುರುತಿನಲ್ಲಿ ಕತ್ತರಿಸಿ, ಉಳಿದ ಸ್ಟ್ರಿಪ್‌ನಿಂದ ಒಂದು ತುಂಡು ಜೋಡಿಸಿ. ಒಂದು ತುಂಡು ಹೋದರೆ ದಾರಿಗೆ ತೊಂದರೆ ಇಲ್ಲ, ಹಂಗಾಮು ಮುಗಿಯುವವರೆಗೆ ಹಾಗೆಯೇ ಬಿಡಬಹುದು. ನಾಲ್ಕೈದು ಆರಿದ್ದರೆ ಮೇಲಿನ ವೋಲ್ಟೇಜಿನ ಭಾಗಕ್ಕೆ ಮರಳಿ.

ನೀರು, ಕಿಲುಬು

ಆಷಾಢದಲ್ಲಿ ಪಂಢರಪುರದ ದಾರಿ ಹಿಡಿದ ಗಾಡಿಗಳಿಗೆ, ಖಾನಾಪುರದ ಮಳೆಯಲ್ಲಿ ನಿಂತ ಜೀಪುಗಳಿಗೆ ಬರುವ ಕಾಯಿಲೆ ಇದು. ಹೊದಿಕೆಯ ಒಳಗೆ ಹಸಿರು ಪುಡಿ ಕಂಡರೆ ತಾಮ್ರಕ್ಕೆ ಕಿಲುಬು. ಗಮನಿಸಿದರೆ ಅದು ಪ್ಲಸ್ ಬದಿಯಲ್ಲೇ ಹೆಚ್ಚು. ಒದ್ದೆಯಲ್ಲಿ ವಿದ್ಯುತ್ ಹರಿದಾಗ ಪ್ಲಸ್ಸಿನ ತಾಮ್ರ ಕರಗುತ್ತದೆ. ನೀರು ಹೋಗುವುದು ಮೇಲ್ಮೈಯಿಂದಲ್ಲ, ಕತ್ತರಿಸಿದ ತುದಿಯಿಂದ ಮತ್ತು ವೈರ್ ಹೊರಡುವ ಜಾಗದಿಂದ. ಐಪಿ67 (ಧೂಳು, ನೀರು ತಡೆಯುವ ದರ್ಜೆ) ಎಂದು ಬರೆದ ಸ್ಟ್ರಿಪ್ ಕತ್ತರಿಸಿದ ಮೇಲೆ ಐಪಿ67 ಆಗಿ ಉಳಿಯುವುದಿಲ್ಲ.

ತುದಿ ಮುಚ್ಚಲು ಸಿಲಿಕಾನ್ ಟ್ಯೂಬ್ ತರುವಾಗ ಒಮ್ಮೆ ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಾನೇ ತಿನ್ನುತ್ತದೆ. ವಾಸನೆಯಿಲ್ಲದ 'ನ್ಯೂಟ್ರಲ್' ಎಂದು ಬರೆದದ್ದನ್ನೇ ಕೊಳ್ಳಿ, ಹಚ್ಚಿ ಒಂದು ದಿನ ಒಣಗಲು ಬಿಡಿ. ವೈರನ್ನು ಸ್ಟ್ರಿಪ್‌ಗಿಂತ ಕೆಳಗೆ ಒಂದು ಜೋತು ಕೊಟ್ಟು ಮೇಲೆ ತನ್ನಿ, ಹನಿ ಅಲ್ಲೇ ಬೀಳುತ್ತದೆ. ಸರ್ವಿಸಿಂಗಿನಲ್ಲಿ ಪ್ರೆಷರ್ ನೀರನ್ನು ಸ್ಟ್ರಿಪ್ ತುದಿಗೆ ಹಿಡಿಯಬೇಡಿ ಎಂದು ಹೇಳಿ.

ಅಂಟು ಬಿಡುವುದಕ್ಕೆ ಧೂಳೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ ಅಂಟಿಸಿ. ಅಲ್ಯುಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿ ಸ್ಕ್ರೂ ಹೊಡೆದರೆ ಇನ್ನೂ ಒಳ್ಳೆಯದು, ಬಿಸಿಯೂ ಹೊರಗೆ ಹೋಗುತ್ತದೆ.

ವಸ್ತಿಯಲ್ಲಿ

ಬೆಳಿಗ್ಗೆ "ಸೆಲ್ಫ್ ಹೊಡೀವಲ್ದು" ಎಂಬ ದೂರಿಗೆ ಮದ್ದು ಲೆಕ್ಕದಲ್ಲಿದೆ. 6 ಆಂಪಿಯರಿನ ಸ್ಟ್ರಿಪ್ ಆರು ತಾಸು ಉರಿದರೆ 36 ಆಂಪಿಯರ್-ಅವರ್. 75ರ ಟ್ರ್ಯಾಕ್ಟರ್ ಬ್ಯಾಟರಿಯ ಅರ್ಧ ಅಲ್ಲೇ ಹೋಯಿತು. ಮಲಗುವ ಜಾಗಕ್ಕೆ ಅಷ್ಟು ಬೆಳಕೂ ಬೇಡ. ಮೀಟರಿಗೆ 4.8 ವ್ಯಾಟಿನ ಸ್ಟ್ರಿಪ್ ಎರಡು ಮೀಟರ್ ಸಾಕು: 0.8 ಆಂಪಿಯರ್, ಆರು ತಾಸಿಗೆ 5ರ ಒಳಗೆ. ಬ್ಯಾಟರಿ 12.2ಕ್ಕೆ ಇಳಿದರೆ ದೀಪ ಆರಿಸಿ. ಬೇರೆಯೇ 7 ಆಂಪಿಯರ್-ಅವರ್ ಬ್ಯಾಟರಿ ಒಯ್ದರೆ ಅರ್ಧ ಮಾತ್ರ ಖರ್ಚು ಮಾಡುವ ಲೆಕ್ಕದಲ್ಲಿ ಇದೇ ಸ್ಟ್ರಿಪ್ ನಾಲ್ಕು ತಾಸು ಬರುತ್ತದೆ. ಇನ್ವರ್ಟರಿನಿಂದ 230 ಮಾಡಿ ಮತ್ತೆ ಅಡಾಪ್ಟರಿನಿಂದ 12 ಮಾಡುವವರು ಎರಡು ಕಡೆ ಬ್ಯಾಟರಿ ಪೋಲು ಮಾಡುತ್ತಾರೆ, ನೇರ ಕೊಡಿ.

ಪವರ್ ಬ್ಯಾಂಕಿಗೆ ಸಿಕ್ಕಿಸಿದ 5 ವೋಲ್ಟಿನ ಸಣ್ಣ ಸ್ಟ್ರಿಪ್ ಅರ್ಧ ನಿಮಿಷಕ್ಕೆ ಆರಿದರೆ ಸ್ಟ್ರಿಪ್ ಕೆಟ್ಟಿಲ್ಲ. ಎಳೆಯುವ ಕರೆಂಟ್ ತೀರ ಕಡಿಮೆಯಾದ್ದರಿಂದ ಪವರ್ ಬ್ಯಾಂಕ್ ಫೋನ್ ತೆಗೆದರೆಂದು ಭಾವಿಸಿ ನಿಲ್ಲಿಸಿದೆ. ಇನ್ನೊಂದು ಯುಎಸ್‌ಬಿ ದೀಪ ಜೊತೆಗೆ ಹಚ್ಚಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಸುರುಳಿ ಬಿಚ್ಚದೆ ಸ್ಟ್ರಿಪ್ ಹೊತ್ತಿಸಬೇಡಿ. 72 ವ್ಯಾಟ್ ಒಂದು ಅಂಗೈ ಜಾಗದಲ್ಲಿ ಕೂತರೆ ಪ್ಲಾಸ್ಟಿಕ್ ಸುರುಳಿಯೇ ಮೆತ್ತಗಾಗುತ್ತದೆ. ಕಬ್ಬು ಕಡಿಯುವವರ ಕೊಪ್ಪಿಗಳಲ್ಲಿ (ಗುಡಿಸಲುಗಳಲ್ಲಿ) ಉಳಿದ ಎರಡು ಮೀಟರನ್ನು ಸುತ್ತಿ ರವದಿಯ (ಒಣ ಕಬ್ಬಿನ ಗರಿಯ) ಸಂದಿಗೆ ತುರುಕುವುದುಂಟು. ಒಣ ರವದಿ, ಫ್ಯೂಸಿಲ್ಲದ ವೈರ್, ಒಳಗೆ ಮಲಗಿದ ಮಕ್ಕಳು. ಬೇಕಾದಷ್ಟೇ ಕತ್ತರಿಸಿ, ಬಿದಿರಿಗೆ ಬಿಡಿಯಾಗಿ ಕಟ್ಟಿ, ಅಲ್ಲಿ 3 ಆಂಪಿಯರಿನ ಫ್ಯೂಸ್ ಕಡ್ಡಾಯ.

ಉಳಿದವು

ಬಣ್ಣ ಬದಲಿಸುವ ಆರ್‌ಜಿಬಿ ಸ್ಟ್ರಿಪ್‌ನ ಬಿಳಿ ಬೆಳಕು ಕೊನೆಯಲ್ಲಿ ಕೆಂಪೇರಿದರೆ ವೋಲ್ಟೇಜ್ ಇಳಿದಿದೆ. ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಸಾಕು, ನೀಲಿ-ಹಸಿರಿಗೆ ಮೂರು ಬೇಕು, ಹಾಗಾಗಿ ಅವು ಮೊದಲು ಸೋಲುತ್ತವೆ. ಒಂದು ಬಣ್ಣವೇ ಇಲ್ಲದಿದ್ದರೆ ಆ ಬಣ್ಣದ ವೈರನ್ನು ಮೈನಸ್ಸಿಗೆ ಮುಟ್ಟಿಸಿ ನೋಡಿ: ಹೊತ್ತಿದರೆ ಕಂಟ್ರೋಲರ್ ಕೆಟ್ಟಿದೆ, ಇಲ್ಲವಾದರೆ ಸ್ಟ್ರಿಪ್ ಅಥವಾ ಪಿನ್.

ಹಳೆಯ 100 ಸಿಸಿ ಬೈಕುಗಳಲ್ಲಿ ಹೆಡ್‌ಲೈಟಿಗೆ ಬರುವುದು ಎಸಿ. ಅಲ್ಲಿಂದ ಸ್ಟ್ರಿಪ್‌ಗೆ ಕೊಟ್ಟರೆ ಮಿಣುಕಿ ಬೇಗ ಸಾಯುತ್ತದೆ. ಬ್ಯಾಟರಿಯ ಬದಿಯಿಂದ, ಕೀ ಹಾಕಿದರೆ ಮಾತ್ರ ಬರುವ ವೈರಿನಿಂದ ತೆಗೆದುಕೊಳ್ಳಿ. ಇ-ರಿಕ್ಷಾದ ನಾಲ್ಕು ಬ್ಯಾಟರಿಗಳಲ್ಲಿ ಒಂದರಿಂದ ತೆಗೆಯುವುದೂ ಲಾರಿಯಂತೆಯೇ ತಪ್ಪು, 48ರಿಂದ 12 ಮಾಡುವ ಕನ್ವರ್ಟರ್ ಹಾಕಿ.

ಡಬ್ಬಿಯ ಹಿಂಬದಿಗೆ ಬಿಳಿ ಸ್ಟ್ರಿಪ್ ಬೇಡ, ಮುಂಬದಿಗೆ ಕೆಂಪು ಬೇಡ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989 ಇದನ್ನು ಒಪ್ಪುವುದಿಲ್ಲ, ಹಿಂದೆ ಬರುವವನ ಕಣ್ಣೂ ಒಪ್ಪುವುದಿಲ್ಲ. ಹಿಂದೆ ಕೆಂಪು ಸ್ಟ್ರಿಪ್ ಇದ್ದರೂ ರಿಫ್ಲೆಕ್ಟರ್ ಟೇಪ್ ತೆಗೆಯಬೇಡಿ. ವೈರ್ ಹರಿದ ರಾತ್ರಿ ಉಳಿಯುವುದು ಅದೊಂದೇ.

ಕಾರಿನ ಬಾಗಿಲ ದೀಪದಿಂದ ತೆಗೆದ ಸ್ಟ್ರಿಪ್ ಆರಿಸಿದ ಮೇಲೂ ಮಿಣುಕು ಹುಳದ ಹಾಗೆ ಮಿನುಗುತ್ತಿದ್ದರೆ, ಆ ಸರ್ಕಿಟ್ಟಿನಿಂದ ಸೋರುವ ಅಲ್ಪ ಕರೆಂಟೇ ಕಾರಣ. ಸ್ಟ್ರಿಪ್‌ನ ಪ್ಲಸ್-ಮೈನಸ್ ನಡುವೆ 1 ಕಿಲೊ ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಬೆಸೆದರೆ ಆರುತ್ತದೆ. ಸ್ಟ್ರಿಪ್ ಹಾಕಿದೊಡನೆ ಎಫ್‌ಎಂ ಗೊರಗೊರ ಎಂದರೆ ಡಿಮ್ಮರ್ ಅಥವಾ ಕನ್ವರ್ಟರನ್ನು ಆಂಟೆನಾ ವೈರಿನಿಂದ ದೂರ ಸರಿಸಿ, ಪ್ಲಸ್-ಮೈನಸ್ ವೈರುಗಳನ್ನು ಒಂದಕ್ಕೊಂದು ಹೊಸೆದು ಎಳೆಯಿರಿ.